ಹಸಿರು ಬಿಲ್ಲೆ

ಮನುಷ್ಯನ ಮೈ ಎಷ್ಟು ಬಿಸಿಲು ತಡೆದೀತು ಎಂಬುದನ್ನು ಮನುಷ್ಯನನ್ನೇ ಕೇಳುವ ಕಾಲ ಒಂದಿತ್ತು. ಸಾಕಪ್ಪಾ ಅಂದವನು ಎದ್ದು ನೆರಳಿಗೆ ಹೋಗಿ ಕೂರುತ್ತಿದ್ದ. ಆಮೇಲೆ ಬೇಸಿಗೆಗೆ ಹುಚ್ಚು ಹಿಡಿದು ಏಪ್ರಿಲ್ಲಿನಲ್ಲೇ ನಲವತ್ತಾರು ಡಿಗ್ರಿ ಮುಟ್ಟತೊಡಗಿದಾಗ ಸರ್ಕಾರ ಗಡಿಯಾರದ ನಿಯಮ ತಂದಿತು. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಬಯಲಿನಲ್ಲಾಗಲಿ, ತಗಡಿನ ಕೆಳಗಾಗಲಿ ಯಾರೂ ದುಡಿಯತಕ್ಕದ್ದಲ್ಲ. ಗಡಿಯಾರಕ್ಕೆ ಗಂಡು ಹೆಣ್ಣು, ಗಟ್ಟಿ ಪೊಳ್ಳು ಎಂಬ ಭೇದವಿಲ್ಲ. ಅದೇ ಅದರ ತಪ್ಪು ಎಂದು ಬುದ್ಧಿವಂತರಿಗೆ ಹೊಳೆಯಿತು. ಗಟ್ಟಿಮುಟ್ಟಾದವನನ್ನೂ ನಾಲ್ಕು ತಾಸು ಸುಮ್ಮನೆ ಕೂರಿಸುವುದೇಕೆ? ಒಬ್ಬೊಬ್ಬರ ಮೈಯನ್ನೇ ಬೇರೆಬೇರೆ ಕೇಳಿದರಾಯಿತಲ್ಲ. ಹಾಗೆ ಹುಟ್ಟಿದ್ದು ತಾಪಬಿಲ್ಲೆ.

ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ಬಿಲ್ಲೆ, ತೋಳಿಗೆ ಪಟ್ಟಿಯಿಂದ ಕಟ್ಟಿಕೊಳ್ಳುವುದು. ಚರ್ಮದ ಬಿಸಿ, ಬೆವರು, ನಾಡಿ ಈ ಮೂರನ್ನೂ ಓದಿ, ಮೈಯ ಒಳಗು ಎಷ್ಟು ಕಾದಿದೆ ಎಂದು ಅದೇ ಅಂದಾಜು ಹಾಕುತ್ತದೆ. ಹಸಿರಿದ್ದರೆ ದುಡಿ. ಹಳದಿಯಾದರೆ ಹುಷಾರು. ಕೆಂಪಾಗಿ ಕಿರುಗುಟ್ಟಿದರೆ ಎದ್ದು ನೆರಳಿಗೆ ಹೋಗು. ಯಾವ ಯಜಮಾನನೂ ತಡೆಯುವಂತಿಲ್ಲ. ಕಾಯ್ದೆಯಲ್ಲಿ ಇದೆಲ್ಲ ಅಚ್ಚುಕಟ್ಟಾಗಿ ಬರೆದಿತ್ತು. ಹಸಿರಿರುವಾಗ ಎದ್ದು ಹೋದವರ ಗತಿ ಏನು ಎಂಬುದನ್ನು ಮಾತ್ರ ಬರೆದಿರಲಿಲ್ಲ.

ಈ ಬಿಲ್ಲೆ ತಯಾರಾದದ್ದು ಅಂಕಲಕೊಪ್ಪದ ಹೊರಗೆ, ಗುಡ್ಡದ ಮೇಲಿದ್ದ ತಾಪ ಸುರಕ್ಷಾ ಕೇಂದ್ರದಲ್ಲಿ. ಅಲ್ಲಿ ಹದಿನೆಂಟು ಮಂದಿ ವಿಜ್ಞಾನಿಗಳು. ಅವರಲ್ಲಿ ಹೆಣ್ಣು ಒಬ್ಬಳೇ, ಡಾ. ದ್ಯಾಮವ್ವ ತಳವಾರ. ದ್ಯಾಮವ್ವ ಎಂಬ ಹೆಸರು ಸಂಶೋಧನಾ ಲೇಖನದ ಮೇಲೆ ಚೆನ್ನಾಗಿ ಕಾಣುವುದಿಲ್ಲ, ದಿವ್ಯಾ ಅಂತ ಬದಲಾಯಿಸಿಕೊಳ್ಳಿ ಎಂದು ಸೇರಿದ ಹೊಸತರಲ್ಲಿ ಯಾರೋ ಸಲಹೆ ಕೊಟ್ಟಿದ್ದರು. "ನಮ್ಮೂರ ದೇವಿ ಹೆಸರ್ರೀ, ಬದಲಿ ಮಾಡಿದ್ರ ಸಿಟ್ಟಾಗ್ತಾಳ," ಎಂದು ನಕ್ಕುಬಿಟ್ಟಿದ್ದಳು. ಅಷ್ಟರಮಟ್ಟಿಗೆ ಗಟ್ಟಿಗಿತ್ತಿ. ಉಳಿದದ್ದರಲ್ಲಿ ಅಷ್ಟೇನೂ ಅಲ್ಲ, ಅದು ನಿಮಗೇ ಗೊತ್ತಾಗುತ್ತದೆ.

ಊರ ಅಗಸಿ ಬಾಗಿಲಿನ ಹತ್ತಿರದ ಮನೆಯಲ್ಲಿ ಅವಳೂ ಅವಳ ಅಕ್ಕ ಫಕೀರವ್ವನೂ ಇಬ್ಬರೇ. ಅಕ್ಕನಿಗೆ ಐವತ್ತು ತುಂಬಿತ್ತು, ಗಂಡ ಸತ್ತು ಹದಿನೈದು ವರ್ಷವಾಗಿತ್ತು. ಹದಿನಾಲ್ಕನೆಯ ವಯಸ್ಸಿನಿಂದ ಊರ ಮೆಣಸಿನಕಾಯಿ ಮಾರುಕಟ್ಟೆಯ ಅಂಗಳದಲ್ಲಿ ತೊಟ್ಟು ಬಿಡಿಸುತ್ತ ಬಂದವಳು. ತಂಗಿಯ ಓದು ಆ ಬೆರಳುಗಳಿಂದಲೇ ಆದದ್ದು. ತಂಗಿ ವಿಜ್ಞಾನಿಯಾದ ಮೇಲೆ, ಸಾಕಕ್ಕಾ, ಇನ್ನು ಮನೆಯಲ್ಲಿರು ಎಂದರೆ ಕೇಳಬೇಕಲ್ಲ. "ಮನ್ಯಾಗ ಕುಂತು ಏನ್ ಮಾಡ್ಲಿ, ಗ್ವಾಡಿ ಕೂಡ ಮಾತಾಡ್ಲ್ಯಾ? ನನ್ನ ಹಿಂದ ಹನ್ನೆರಡು ಮಂದಿ ಅದಾರ," ಅನ್ನುತ್ತಿದ್ದಳು. ಹನ್ನೆರಡು ಹೆಂಗಸರ ಆ ಗುಂಪಿಗೆ ಅವಳೇ ಮುಂದಾಳು. ಅವಳು ಕೂತಲ್ಲಿ ಅವರು ಕೂರುತ್ತಿದ್ದರು, ಅವಳು ಎದ್ದಾಗ ಏಳುತ್ತಿದ್ದರು.

ಆ ಮನೆಯಲ್ಲಿ ಬೆಳಗಿನ ಹೊತ್ತಿಗೆ ಒಂದು ಪದ್ಧತಿ ಇತ್ತು. ಅವರ ಅವ್ವ ಹೇಳಿಕೊಟ್ಟದ್ದು, ಅವಳಿಗೆ ಅವಳ ಅವ್ವ ಹೇಳಿಕೊಟ್ಟದ್ದು. ಹೊರಗೆ ಹೋಗುವ ದಿನ ನೀರು ಮುಟ್ಟಬಾರದು. ಅರ್ಧ ಕಪ್ಪು ಚಹಾ, ಅಷ್ಟೇ. ಯಾಕೆ ಎಂದು ಯಾರೂ ಬಿಡಿಸಿ ಹೇಳಿದ್ದಿಲ್ಲ. ಶಾಲೆಯಲ್ಲಿ ಏಳನೆಯ ಇಯತ್ತೆಗೆ ಬರುವ ಹೊತ್ತಿಗೆ ಹುಡುಗಿಯರಿಗೆ ತಾನಾಗಿಯೇ ತಿಳಿದಿರುತ್ತಿತ್ತು. ಮೆಣಸಿನಕಾಯಿ ಅಂಗಳದಲ್ಲಿ ಗಂಡಸರಿಗೆ ಗೋಡೆ ಇತ್ತು, ಬೇಲಿ ಇತ್ತು. ಹೆಂಗಸರಿಗೆಂದು ಕಟ್ಟಿಸಿದ ಕೋಣೆಯಲ್ಲಿ ಖಾಲಿ ಚೀಲ ತುಂಬಿ ಬೀಗ ಜಡಿದಿದ್ದರು. ಗುಡ್ಡದ ಮೇಲಿನ ಕೇಂದ್ರವೂ ಏನು ಕಮ್ಮಿಯಿಲ್ಲ. ಪ್ರಯೋಗಾಲಯದ ನಕ್ಷೆ ಬರೆದವರಿಗೆ ಅಲ್ಲಿ ಹೆಣ್ಣೊಬ್ಬಳು ಕೆಲಸ ಮಾಡಿಯಾಳು ಎಂದು ಹೊಳೆದೇ ಇರಲಿಲ್ಲ. ಹೆಂಗಸರ ಶೌಚಾಲಯ ಇದ್ದದ್ದು ಆಡಳಿತದ ಕಟ್ಟಡದಲ್ಲಿ, ಸುಡುವ ಬಿಸಿಲಿನಲ್ಲಿ ಆರುನೂರು ಹೆಜ್ಜೆ ಆಚೆ. ಎದ್ದು ಹೊರಟರೆ "ಮೇಡಂ ಎಲ್ಲಿ ಹೋದ್ರು?" ಎಂದು ವಿಚಾರಿಸುವವರು ನಾಲ್ಕು ಮಂದಿ. ಹನ್ನೊಂದು ವರ್ಷದಿಂದ ದ್ಯಾಮವ್ವ ಸಂಜೆಯತನಕ ತಡೆದುಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದಳು. ಸಂಜೆ ಮನೆಗೆ ಬಂದ ಅಕ್ಕತಂಗಿಯರು ಒಬ್ಬರ ಹಿಂದೊಬ್ಬರು ಬಚ್ಚಲಿಗೆ ಓಡಿ, ಆಮೇಲೆ ತಂಬಿಗೆ ಎತ್ತಿ ಗಟಗಟ ಕುಡಿಯುತ್ತಿದ್ದರು. ಎಲ್ಲರ ಮನೆಯಲ್ಲೂ ಹೀಗೇ ಎಂದು ಅವರು ತಿಳಿದಿದ್ದರು.

ಇನ್ನು ಬಿಲ್ಲೆಯ ಕಥೆ. ಮೊದಲು ಅದನ್ನು ಗಂಡಸರ ಮೈಮೇಲೆ ಹದಗೊಳಿಸಿದರು. ನಲವತ್ತೆರಡು ಮಂದಿ ತರುಣರನ್ನು ಬಿಸಿ ಕೋಣೆಯಲ್ಲಿ ನಡೆಸಿ, ಇಪ್ಪತ್ತು ನಿಮಿಷಕ್ಕೊಮ್ಮೆ ಲೋಟ ತುಂಬ ನೀರು ಕುಡಿಸಿ, ಮೈಯ ಅಂಕಿಗಳನ್ನು ಬರೆದುಕೊಂಡರು. ಹೆಂಗಸರನ್ನು ಆ ಕೋಣೆಗೆ ಬಿಡುವ ಹಾಗಿರಲಿಲ್ಲ. ಹೆರುವ ವಯಸ್ಸಿನವರು, ಏನಾದರೂ ಹೆಚ್ಚುಕಮ್ಮಿಯಾದರೆ ಎಂಬ ಕಾಳಜಿ. ಆ ಕಾಳಜಿ ಕೋಣೆಯ ಬಾಗಿಲಿಗಷ್ಟೇ, ಅಂಗಳದ ತಗಡಿನ ಕೆಳಗೆ ಅದು ಯಾರಿಗೂ ಇರಲಿಲ್ಲ. ಹೀಗೆ ತಯಾರಾದ ಬಿಲ್ಲೆಗಳನ್ನು ಮೊದಲ ಪ್ರಯೋಗಕ್ಕೆಂದು ಊರ ಮೆಣಸಿನಕಾಯಿ ಅಂಗಳಕ್ಕೆ ಕೊಟ್ಟು, ಅಲ್ಲಿಯ ಮಟ್ಟಿಗೆ ಗಡಿಯಾರದ ನಿಯಮವನ್ನು ತೆಗೆದುಹಾಕಿದರು. ನೋಡಿದರೆ ಹೆಂಗಸರ ಬಿಲ್ಲೆಗಳು ಹನ್ನೊಂದು ಗಂಟೆಗೇ ಕೆಂಪಾಗತೊಡಗಿದವು. ಅಂಗಳದ ದಲ್ಲಾಳಿಗಳು, ಅಡತಿ ಅಂಗಡಿಯವರು, ತಕರಾರು ತೆಗೆದರು: ಹೆಣ್ಣುಮಕ್ಕಳ ಬಿಲ್ಲೆ ಸುಳ್ಳು ಹೇಳುತ್ತವೆ, ರಿಪೇರಿ ಮಾಡಿಕೊಡಿ.

ಕೇಂದ್ರದ ನಿರ್ದೇಶಕರು ಪ್ರೊಫೆಸರ್ ಹಿರೇಗೌಡರ. ಒಳ್ಳೆಯ ಮನುಷ್ಯ, ಯಾರಿಗೂ ಗಡುಸಾಗಿ ಮಾತಾಡಿದವರಲ್ಲ. ದ್ಯಾಮವ್ವನನ್ನು ಕರೆಸಿ, "ಮೇಡಂ, ಇದು ನಿಮ್ಮ ಕೆಲಸ. ಹೆಣ್ಣುಮಕ್ಕಳ ಮೈ ನಿಮಗ ಗೊತ್ತಿರ್ತದ. ಈ ಸಲ ನಿಮ್ಮದ ಹೆಸರು ಮೊದಲು ಬರ್ಲಿ," ಅಂದರು. ಹನ್ನೊಂದು ವರ್ಷ ಬೇರೆಯವರ ಹೆಸರಿನ ಹಿಂದೆ ನಾಲ್ಕನೆಯವಳಾಗಿ, ಐದನೆಯವಳಾಗಿ ಬಂದವಳಿಗೆ ಹೇಗಾಗಿರಬೇಡ. ಸಂಜೆ ಮನೆಗೆ ಪೇಢೆ ತಂದಿದ್ದಳು.

ಕಚೇರಿಯಲ್ಲಿದ್ದ ಗುಮಾಸ್ತೆಯರು, ಕಸಗುಡಿಸುವವರು, ಊಟದ ಮನೆಯವರು ಎಲ್ಲ ಸೇರಿ ಒಂಬತ್ತು ಮಂದಿ ಹೆಂಗಸರು ಸಿಕ್ಕರು. ಅವರನ್ನು ಒಳಗೆ ಬಿಡಲು ಒಪ್ಪಿದರೂ ಕೋಣೆಯ ಬಿಸಿಯನ್ನು ಮೂವತ್ತೆರಡಕ್ಕಿಂತ ಮೇಲೇರಿಸಲು ಪರವಾನಗಿ ಸಿಗಲಿಲ್ಲ. ಎಲ್ಲರ ಮುಂದೆಯೂ ಲೋಟ ಇಟ್ಟಳು. "ಕುಡೀತೇವ್ರೀ ಮೇಡಂ," ಅಂದರು, ತುಟಿ ಒದ್ದೆ ಮಾಡಿಕೊಂಡು ಕೆಳಗಿಟ್ಟರು. ದ್ಯಾಮವ್ವ ನೋಡಿದಳು. ನೋಡಿಯೂ ಸುಮ್ಮನಿದ್ದಳು, ಯಾಕೆಂದರೆ ಅವಳ ಲೋಟವೂ ತುಂಬಿಯೇ ಇತ್ತು. ಹುಟ್ಟಿದಾಗಿನಿಂದ ಮನೆಯಲ್ಲಿ ದಿನಾ ನಡೆಯುವುದು ವಿಜ್ಞಾನಕ್ಕೆ ಸಂಬಂಧಿಸಿದ್ದು ಎಂದು ಅವಳಿಗೆ ಅನ್ನಿಸಲೇ ಇಲ್ಲ. ಗಂಡಸರ ಕೋಷ್ಟಕದಲ್ಲಿ 'ನೀರು' ಎಂದೊಂದು ಕಲಂ ಇತ್ತು. ಖಾಲಿ ಬಿಡುವ ಹಾಗಿರಲಿಲ್ಲ. ಒಂಬತ್ತು ಹೆಸರುಗಳ ಮುಂದೆಯೂ 'ನಿಗದಿಯಂತೆ' ಎಂದು ಬರೆದಳು.

ಫಲಿತಾಂಶ ಸ್ಪಷ್ಟವಾಗಿತ್ತು. ಅಷ್ಟೇ ಬಿಸಿಯಲ್ಲಿ ಗಂಡಸರಿಗಿಂತ ನಾಡಿ ನಿಮಿಷಕ್ಕೆ ಸುಮಾರು ಹನ್ನೆರಡು ಹೆಚ್ಚು, ಬೆವರು ಮೂರರಲ್ಲಿ ಒಂದು ಪಾಲು ಕಡಿಮೆ. ಹೆಣ್ಣಿನ ಮೈಯ ಗುಣವೇ ಹೀಗೆ, ಇದು ಅಪಾಯದ ಚಿಹ್ನೆಯಲ್ಲ, ಬಿಲ್ಲೆ ಇದನ್ನು ಕಳೆದು ಓದಬೇಕು ಎಂದು ತಿದ್ದುಪಡಿ ಬರೆದಳು. ಅದನ್ನು ಎಲ್ಲ ಹೆಂಗಸರ ಬಿಲ್ಲೆಗಳಿಗೆ ತುಂಬಿದರು. ಅಂಗಳದ ತಕರಾರು ತಣ್ಣಗಾಯಿತು. ಬಿಲ್ಲೆಗಳು ಮಧ್ಯಾಹ್ನ ದಾಟಿದರೂ ಹಸಿರೇ. ಮಹಿಳಾ ದಿನದಂದು ದ್ಯಾಮವ್ವನಿಗೆ ಶಾಲು ಹೊದಿಸಿದರು. ಅವಳ ಫೋಟೋ ಹಾಕಿ, ಕೆಳಗೆ 'ಮಹಿಳೆಯರಿಗಾಗಿ ಮಹಿಳೆಯಿಂದಲೇ' ಎಂದು ಅಚ್ಚು ಹಾಕಿಸಿ ಅಂಗಳದ ಬಾಗಿಲಿಗೆ ಅಂಟಿಸಿದರು. ಬಿಲ್ಲೆಯ ವಿಷಯ ತೀರ್ಮಾನಿಸುವ ಏಳು ಮಂದಿಯ ಸಮಿತಿಗೆ ಅವಳನ್ನು ವಿಶೇಷ ಆಹ್ವಾನಿತೆಯಾಗಿ ಸೇರಿಸಿದರು. ಕೂರಲು ಕುರ್ಚಿ ಉಂಟು, ಮತ ಇಲ್ಲ.

ಏಪ್ರಿಲ್ ಎರಡನೆಯ ವಾರದ ಒಂದು ಸಂಜೆ ಫಕೀರವ್ವ ಮನೆಗೆ ಬಂದವಳು ಬಚ್ಚಲಿಗೂ ಹೋಗಲಿಲ್ಲ, ತಂಬಿಗೆಗೂ ಕೈ ಹಾಕಲಿಲ್ಲ. ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಕಸ್ತೂರಿ ಬಿದ್ಲವಾ ಇವತ್ತ. ಚೀಲದ ಮ್ಯಾಲ ಕುಂತಾಕಿ ಹಂಗ ಮಗ್ಗಲಿಗೆ ಹೊಳ್ಳಿದ್ಲು. ಮಾತಿಲ್ಲ ಕತಿ ಇಲ್ಲ. ಮೈ ಮುಟ್ಟಿದ್ರ ಹಂಚು ಮುಟ್ಟಿದಂಗ."

"ಬಿಲ್ಲೆ ಕೆಂಪಾಗಿರಲಿಲ್ಲಾ?"

"ಹಸರ ಇತ್ತು. ದವಾಖಾನಿಗೆ ಒಯ್ಯೂಮಟಾ ಹಸರ. ಅದಕ್ಕ ಹೊಟ್ಟಿ ಹಸದು ಬಿದ್ದಾಳ ಅಂತ ಅಂಗಡಿಯವ್ರು ಅಂದ್ರು." ಸೆರಗಿನಿಂದ ಕಸ್ತೂರಿಯ ಬಿಲ್ಲೆ ತೆಗೆದು ತಂಗಿಯ ಅಂಗೈಗೆ ಹಾಕಿದಳು. "ನೋಡು, ಕೆಟ್ಟೈತೇನ ಇದು."

ಕಸ್ತೂರಿ ಮೂವತ್ತು ದಾಟದವಳು, ಅಕ್ಕನ ಗುಂಪಿನಲ್ಲಿ ಎಲ್ಲರಿಗಿಂತ ಚುರುಕು. ಬದುಕಿಕೊಂಡಳು, ಆದರೆ ಮತ್ತೆ ಅಂಗಳಕ್ಕೆ ಬರುವ ಹಾಗಾಗಲಿಲ್ಲ.

ಮರುದಿನ ಪ್ರಯೋಗಾಲಯದಲ್ಲಿ ದ್ಯಾಮವ್ವ ಬಿಲ್ಲೆಯೊಳಗಿನ ದಾಖಲೆಯನ್ನು ಪರದೆಯ ಮೇಲೆ ಹರಡಿಕೊಂಡಳು. ಬಿಲ್ಲೆ ಕೆಟ್ಟಿರಲಿಲ್ಲ. ಹತ್ತು ಗಂಟೆಯಿಂದ ನಾಡಿಯ ಗೆರೆ ಮೇಲೇರುತ್ತಲೇ ಹೋಗಿತ್ತು, ಬೆವರಿನ ಗೆರೆ ಇಳಿಯುತ್ತಲೇ ಬಂದಿತ್ತು. ಮೈಯಲ್ಲಿ ನೀರೇ ಇಲ್ಲದಿದ್ದರೆ ಬೆವರು ಎಲ್ಲಿಂದ ಬಂದೀತು? ಬೆವರು ಕಡಿಮೆಯಿದೆ, ಅಂದರೆ ಮೈ ಕಾದಿಲ್ಲ ಎಂದು ಬಿಲ್ಲೆ ತಿಳಿದಿತ್ತು. ಚರ್ಮದ ಬಿಸಿಯನ್ನು ತಗಡಿನ ಕಾವು ಎಂದು ಬದಿಗಿಟ್ಟು, ಏರಿದ ನಾಡಿಯನ್ನು, ಇದು ಹೆಣ್ಣಿನ ಗುಣ ಎಂದು ಕಳೆದುಹಾಕಿತ್ತು. ಕಳೆಯಲು ಹೇಳಿಕೊಟ್ಟವಳು ಯಾರು?

ತನ್ನ ಹಳೆಯ ಕೋಷ್ಟಕ ತೆಗೆದಳು. ಒಂಬತ್ತು ಹೆಸರು, ಒಂಬತ್ತು 'ನಿಗದಿಯಂತೆ'. ಆ ಒಂಬತ್ತು ಮಂದಿಯ ನಾಡಿ ಹೆಚ್ಚಿದ್ದದ್ದು ಹೆಂಗಸರು ಎಂದಲ್ಲ, ಬೆಳಗಿನಿಂದ ನೀರು ಮುಟ್ಟಿರಲಿಲ್ಲ ಎಂದು. ತಾನು ಅಳೆದು ಕೊಟ್ಟದ್ದು ಹೆಣ್ಣಿನ ಮೈಯನ್ನಲ್ಲ, ಬಾಯಾರಿಕೆಯನ್ನು. ಅದನ್ನೇ ಹೆಣ್ಣಿನ ಗುಣವೆಂದು ಬರೆದು ಕೊಟ್ಟಿದ್ದಳು. ಈಗ ಹೆಂಗಸು ಎಷ್ಟು ಒಣಗಿದರೆ ಬಿಲ್ಲೆ ಅಷ್ಟು ಹಸಿರು. ಒಬ್ಬ ಗಂಡಸು ಈ ತಪ್ಪು ಮಾಡಿದ್ದರೆ ಅವನಿಗೆ ಗೊತ್ತಿರಲಿಲ್ಲ ಎನ್ನಬಹುದಿತ್ತು. ಅವಳಿಗೆ ಹಾಗೆನ್ನುವ ದಾರಿಯೂ ಇರಲಿಲ್ಲ.

ಮೇ ಒಂದರಿಂದ ಆರು ಜಿಲ್ಲೆಗಳಲ್ಲಿ ಗಡಿಯಾರದ ನಿಯಮ ತೆಗೆದು ಬಿಲ್ಲೆಯ ನಿಯಮ ಬರುವುದಿತ್ತು. ಸಮಿತಿ ಹದಿನೆಂಟನೆಯ ತಾರೀಖು ಸೇರಿತು. ದ್ಯಾಮವ್ವ ಗೆರೆಗಳನ್ನು ತೋರಿಸಿದಳು. ಹೆಂಗಸರ ತಿದ್ದುಪಡಿ ಸರಿಯಿಲ್ಲ, ತೆಗೆಯಬೇಕು, ಅಲ್ಲಿಯವರೆಗೆ ಗಡಿಯಾರದ ನಿಯಮವೇ ಇರಲಿ ಎಂದಳು. ಮೈಯಲ್ಲಿ ನೀರಿನಂಶ ಕಡಿಮೆಯಾದವರಲ್ಲಿ ಬಿಲ್ಲೆ ತಪ್ಪು ಓದುತ್ತದೆ ಎಂದಳು.

"ನೀರಿನಂಶ ಯಾಕ ಕಡಿಮಿ ಆಗ್ತದ ಮೇಡಂ?" ಹಿರೇಗೌಡರ ನಿಜವಾಗಿಯೇ ತಿಳಿಯದೆ ಕೇಳಿದರು. "ಅಂಗಳದಾಗ ತಣ್ಣೀರಿನ ಟಾಕಿ ಕೂಡಿಸೀವಿ. ಫೋಟೋ ಅದಾವ. ಲೋಟಾನೂ ಇಟ್ಟೀವಿ."

ಏಳು ಜೋಡಿ ಕಣ್ಣು ಅವಳ ಕಡೆ ತಿರುಗಿದವು. ಹೇಳಬೇಕಾದದ್ದು ಮೂರು ಶಬ್ದ. ಆ ಶಬ್ದಗಳನ್ನು ಅವಳು ಗಂಡಸರ ಮುಂದೆ ಜನ್ಮದಲ್ಲಿ ಆಡಿರಲಿಲ್ಲ.

"ಅದು... ಹೆಣ್ಣುಮಕ್ಕಳಿಗೆ ಕೆಲವು ಅನಾನುಕೂಲ ಇರ್ತಾವ್ರೀ ಸರ್," ಅಂದಳು.

"ಅನಾನುಕೂಲ ಅಂದ್ರ ಅಂಕಿ ಆಗೂದಿಲ್ಲಲ್ಲ ಮೇಡಂ," ಎಂದು ಒಬ್ಬ ಸದಸ್ಯರು ನಕ್ಕರು. ಕೆಟ್ಟ ನಗೆಯೇನೂ ಅಲ್ಲ. ಹೊಸ ಪ್ರಯೋಗ ಮಾಡಿ ಅಂಕಿ ತನ್ನಿ ಎಂದರು. ಹೊಸ ಪ್ರಯೋಗಕ್ಕೆ ಹೆಂಗಸರನ್ನು ನಲವತ್ತು ಡಿಗ್ರಿಯ ಕೋಣೆಗೆ ಬಿಡಬೇಕು. ಅದಕ್ಕೆ ಪರವಾನಗಿ ಇಲ್ಲ. ಪರವಾನಗಿ ಕೊಡುವ ಮಂಡಳಿ ಸೇರುವುದು ಮಳೆಗಾಲ ಮುಗಿದ ಮೇಲೆ. ಅಂಕಿಯಿಲ್ಲದೆ ತಿದ್ದುಪಡಿ ತೆಗೆಯುವಂತಿಲ್ಲ, ಹೆಂಗಸರಿಲ್ಲದೆ ಅಂಕಿಯಿಲ್ಲ. ಸಭೆ ಚಹಾಕ್ಕೆ ಎದ್ದಿತು. ಅವಳ ಚಹಾ ಹಾಗೇ ಉಳಿಯಿತು.

ಅಂದು ಸಂಜೆ ಒಲೆಯ ಮುಂದೆ ಕೂತು ಅಕ್ಕನಿಗೆ ಎಲ್ಲವನ್ನೂ ಹೇಳಿದಳು. ಫಕೀರವ್ವ ರೊಟ್ಟಿ ಬಡಿಯುತ್ತ ಕೇಳಿಸಿಕೊಂಡಳು.

"ನಾಳಿಂದ ಹೋಗಬ್ಯಾಡಕ್ಕಾ. ನಿನ್ನ ಕಾಲಿಗೆ ಬೀಳ್ತೀನಿ."

"ಮತ್ತ ಆ ಹನ್ನೊಂದು ಮಂದಿ?"

"ಅವರಿಗೂ ಹೇಳು. ಹಸರ ನಂಬಬ್ಯಾಡ್ರಿ, ತಲಿ ತಿರುಗಿದ್ರ ಎದ್ದು ಬರ್ರಿ ಅನ್ನು."

"ಹಸರ ಇದ್ದಾಗ ಎದ್ದು ಬಂದ್ರ ನಾಳೆ ಬರಬ್ಯಾಡ ಅಂತಾರ. ನಿನಗೇನ್ ಗೊತ್ತಿಲ್ಲಾ?" ರೊಟ್ಟಿ ಹಂಚಿಗೆ ಹಾಕಿದಳು. "ಅವರೇನು ಬಿಲ್ಲೆ ನಂಬ್ಯಾರಂತ ಮಾಡೀಯಾ? ನಿನ್ನ ನಂಬ್ಯಾರ. ನಾನ ಹೇಳೇನಿ, ನಮ್ಮ ದ್ಯಾಮಿ ಮಾಡಿದ್ದು ಐತಿ, ಹಸರ ಇದ್ರ ಏನೂ ಆಗೂದಿಲ್ಲಂತ."

"ಹಂಗಾದ್ರ ನೀರರ ಕುಡೀರಿ. ಅಷ್ಟರ ಮಾಡ್ರಿ."

"ಕುಡದು ಎಲ್ಲಿ ಹೋಗೂಣು? ನೀನ ಹೇಳು. ಶೆಡ್ಡಿನ ಹಿಂದ ಲಾರಿಯವ್ರು ನಿಂತಿರ್ತಾರ."

ದ್ಯಾಮವ್ವ ಒಲೆಗೆ ಇನ್ನೊಂದು ಕಟ್ಟಿಗೆ ತಳ್ಳಿದಳು. ಪಿಎಚ್‌ಡಿ ಮಾಡಿದವಳು, ಹದಿನಾಲ್ಕು ಲೇಖನ ಬರೆದವಳು.

ರೊಟ್ಟಿ ಮಗುಚಿ ಹಾಕಿ ಅಕ್ಕನೇ ಕೇಳಿದಳು. "ನಾವು ಯಾಕ ಕುಡಿಯೂದಿಲ್ಲ ಅನ್ನೂದು ಆ ಸಭಾದಾಗ ಹೇಳಿದಿ?"

"ಇಲ್ಲ."

ಫಕೀರವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಏಳು ಮಂದಿ ಗಂಡಸರ ಮುಂದ ಹೆಂಗ ಹೇಳ್ತೀ ಬಿಡು. ನಾನಾದ್ರೂ ಹೇಳ್ತಿರಲಿಲ್ಲ," ಎಂದು ತಂಗಿಯ ತಾಟಿಗೆ ಬಿಸಿ ರೊಟ್ಟಿ ಹಾಕಿದಳು. ಅಕ್ಕ ಅವಳನ್ನು ಕ್ಷಮಿಸಿಬಿಟ್ಟಿದ್ದಳು, ಬೆಳಗಾದರೆ ಅದೇ ತಗಡಿನ ಕೆಳಗೆ ಹೋಗಿ ಕೂರುವವಳೂ ಅವಳೇ.

ದ್ಯಾಮವ್ವ ಕೈಕಟ್ಟಿ ಕೂತಿರಲಿಲ್ಲ ಎಂಬುದನ್ನೂ ಹೇಳಬೇಕು. ಅಂಗಳದ ಕಾರ್ಯದರ್ಶಿಯನ್ನು ಕಂಡು ಚೀಲ ತುಂಬಿದ ಆ ಕೋಣೆಯನ್ನು ಖಾಲಿ ಮಾಡಿಕೊಡಿ ಎಂದು ಕೇಳಿದಳು. "ಸೀಸನ್ ಮುಗೀಲ್ರೀ ಮೇಡಂ, ಮಾಡಿಸೋಣಂತ," ಎಂದ. ಕಾರ್ಮಿಕ ಕಚೇರಿಗೆ ಪತ್ರ ಬರೆದಳು. ಬಿಲ್ಲೆಯ ತಾಂತ್ರಿಕ ವಿಷಯವಾದ್ದರಿಂದ ತಾಪ ಸುರಕ್ಷಾ ಕೇಂದ್ರವನ್ನೇ ಸಂಪರ್ಕಿಸಿ ಎಂದು ಉತ್ತರ ಬಂತು. ತಾನು ಬರೆದ ಪತ್ರ ಸುತ್ತಿ ಬಳಸಿ ತನ್ನದೇ ಮೇಜಿಗೆ ಬಂದಾಗ ಅದನ್ನು ಎರಡು ಸಲ ಓದಿ ಫೈಲಿಗೆ ಹಾಕಿ ಎದ್ದಳು.

ಇಪ್ಪತ್ತಮೂರನೆಯ ತಾರೀಖು ಮಧ್ಯಾಹ್ನ ಒಂದೂವರೆಗೆ ಫೋನು ಬಂತು. ಅಕ್ಕನ ಗುಂಪಿನ ಹೆಂಗಸು ಅಳುತ್ತಿದ್ದಳು. ದ್ಯಾಮವ್ವ ದವಾಖಾನೆ ಮುಟ್ಟಿದಾಗ ಫಕೀರವ್ವನ ಮೈಮೇಲೆ ಒದ್ದೆ ಬಟ್ಟೆ ಹಾಸಿದ್ದರು. ಕಣ್ಣು ಅರೆ ತೆರೆದಿತ್ತು, ತಂಗಿಯ ಗುರುತು ಹತ್ತಲಿಲ್ಲ. ಬೆರಳುಗಳು ಹಾಸಿಗೆಯ ಬಟ್ಟೆಯಲ್ಲಿ ಏನನ್ನೋ ಹೆಕ್ಕುತ್ತಿದ್ದವು, ತೊಟ್ಟು ಬಿಡಿಸುವಂತೆ. ತೋಳಿನ ಮೇಲೆ ಬಿಲ್ಲೆ ಹಸಿರಾಗಿ ಹೊಳೆಯುತ್ತಿತ್ತು. ದ್ಯಾಮವ್ವ ಅದನ್ನು ಕಿತ್ತು ನೆಲಕ್ಕೆ ಒಗೆದಳು. ಅದು ಒಡೆಯಲಿಲ್ಲ, ಗಟ್ಟಿ ಮಾಲು.

ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. "ಕಿಡ್ನಿ ಎರಡೂ ಕೈ ಬಿಟ್ಟಾವ್ರೀ. ಮೈಯಾಗ ನೀರ ಇದ್ದಿಲ್ಲ ಅಂದ್ರ ನಡೀತದ. ಮುಂಜಾನಿಂದ ಏನೂ ಕುಡದಿಲ್ಲೇನು ಇವ್ರು?" ಎಂದು ಕೇಳಿದಳು. ಕೇಳಿ ತಾನೇ ತಲೆ ತಗ್ಗಿಸಿದಳು. ಅವಳಿಗೂ ಗೊತ್ತಿತ್ತು.

ಇಪ್ಪತ್ತೈದಕ್ಕೆ ಸಮಿತಿಯ ಕೊನೆಯ ಸಭೆ. ದ್ಯಾಮವ್ವ ದವಾಖಾನೆಯಿಂದ ನೇರವಾಗಿ ಬಂದಿದ್ದಳು, ಸೀರೆಯನ್ನೂ ಬದಲಿಸಿರಲಿಲ್ಲ. ತನ್ನ ಸರದಿ ಬರುವ ಮುಂಚೆಯೇ ಎದ್ದು ನಿಂತಳು.

"ಸರ್, ಹೋದ ಸಲ ಯಾಕಂತ ಕೇಳಿದ್ರಿ. ಈಗ ಹೇಳ್ತೀನಿ. ಅವರು ನೀರು ಕುಡಿಯೂದಿಲ್ಲ. ಕುಡದ್ರ ಉಚ್ಚಿ ಹೊಯ್ಯಾಕ ಹೋಗಬೇಕಾಗ್ತದ. ಹೋಗಾಕ ಜಾಗಾ ಇಲ್ಲ. ನಾನೂ ಕುಡಿಯೂದಿಲ್ಲ. ಹನ್ನೊಂದು ವರ್ಷ ಆತು, ಈ ಕಟ್ಟಡದಾಗ ನಾನು ಒಂದು ಲೋಟಾ ನೀರು ಪೂರ್ತಿ ಕುಡದಿಲ್ಲ. ಆ ಒಂಬತ್ತು ಮಂದೀನೂ ಕುಡದಿರಲಿಲ್ಲ. ಕುಡದಾರಂತ ನಾನು ಸುಳ್ಳು ಬರದೆ. ಒಣಗಿದ ಮೈನ ಹೆಣ್ಣಿನ ಮೈ ಅಂತ ನಾವು ಬಿಲ್ಲೆಗೆ ಕಲಿಸೀವಿ. ತಪ್ಪು ನಂದು. ಬರದು ಕೊಡ್ತೀನಿ. ಆದೇಶ ನಿಲ್ಲಸ್ರಿ."

ಒಬ್ಬರು ಕೆಮ್ಮಿದರು, ಒಬ್ಬರು ಮುಂದಿನ ಕಾಗದವನ್ನು ಓದತೊಡಗಿದರು. ನಡಾವಳಿ ಬರೆಯುತ್ತಿದ್ದ ಗುಮಾಸ್ತ ಮೈಲಾರಪ್ಪ ಪೆನ್ನು ಎತ್ತಿ ಹಿಡಿದುಕೊಂಡು, "ಇದನ್ನ ಹೆಂಗ ಬರೀಲ್ರೀ ಸರ್?" ಎಂದು ಮೆಲ್ಲಗೆ ಕೇಳಿದ.

"ವೈಯಕ್ತಿಕ ಅನಾನುಕೂಲತೆ ಅಂತ ಬರೀರಿ," ಅಂದರು ಹಿರೇಗೌಡರ. ಅವರ ಕಣ್ಣು ಒದ್ದೆಯಾಗಿತ್ತು, ಅದು ನಾಟಕವಲ್ಲ. "ಮೇಡಂ, ನಿಮಗ ಇಷ್ಟು ತ್ರಾಸ ಇತ್ತಂದ್ರ ಮೊದಲ ಯಾಕ ಹೇಳಲಿಲ್ಲ? ನಾವೇನು ಪರಕೀಯರಾ?"

"ನನ್ನ ತ್ರಾಸ ಅಲ್ರೀ ಸರ್."

"ಗೊತ್ತದ, ಗೊತ್ತದ. ಅಕ್ಕಾರ ಪರಿಸ್ಥಿತಿ ಕೇಳೀವಿ. ನೀವು ಈಗ ಮನಸ್ಸಿಗೆ ಬಾಳ ಹಚ್ಚಿಕೊಂಡೀರಿ." ದನಿ ಇನ್ನಷ್ಟು ತಗ್ಗಿಸಿದರು. "ಕೋಷ್ಟಕ ಸುಳ್ಳು ಅಂತ ಬರದು ಕೊಡಬ್ಯಾಡ್ರಿ. ನಿಮ್ಮ ಹೆಸರು ಕೆಡ್ತದ, ಅದು ಇರ್ಲಿ. ನಾಳೆ ಈ ಕೇಂದ್ರಕ್ಕ ಇನ್ನೊಬ್ಬ ಹೆಣ್ಣುಮಗಳನ್ನ ತಗೋಬೇಕಂದ್ರ ಎಲ್ಲಾರೂ ನಿಮ್ಮ ಕೋಷ್ಟಕ ತೋರಸ್ತಾರ."

ಆದರೂ ಅವಳು ಬರೆದು ಕೊಟ್ಟಳು. ಅಲ್ಲೇ ಕೂತು, ಒಂದು ಅಕ್ಷರ ಬಿಡದೆ ಬರೆದು ಸಹಿ ಹಾಕಿದಳು. ಅದನ್ನು ಓದಿ ಸಮಿತಿ ಎರಡು ಮಾತು ಹೇಳಿತು. ಅಂಕಿಗಳನ್ನು ತಿರುಚಿದ ಆರೋಪ ಗಂಭೀರವಾದದ್ದು, ಡಾ. ತಳವಾರ ಅವರ ಮೇಲೆ ವಿಚಾರಣೆ ನಡೆಯಬೇಕು. ವಿಚಾರಣೆ ಮುಗಿಯುವವರೆಗೆ ತಿದ್ದುಪಡಿಯನ್ನು ಯಾರೂ ಮುಟ್ಟುವಂತಿಲ್ಲ, ಯಾಕೆಂದರೆ ಈಗ ಅದು ಸಾಕ್ಷ್ಯ.

ಅವಳು ಹೊರಗೆ ಬಂದು ದವಾಖಾನೆಯ ಬಸ್ಸು ಹತ್ತಿದಳು. ತಡೆದುಕೊಂಡು ತಡೆದುಕೊಂಡು ಕೊನೆಗೊಮ್ಮೆ ಬಾಯಿ ಬಿಟ್ಟರೆ ಏನಾದರೂ ಆದೀತು ಎಂದು ಅವಳು ನಂಬಿದ್ದಳು. ಆಗಲಿಲ್ಲ.

ಫಕೀರವ್ವ ದವಾಖಾನೆ ಸೇರಿದ ನಾಲ್ಕನೆಯ ದಿನ ಬೆಳಿಗ್ಗೆ ತೀರಿಕೊಂಡಳು. ಸಾವಿನ ಕಾರಣ ತುಂಬುವಾಗ ಡಾಕ್ಟರ್ ಹುಡುಗಿ 'ತಾಪಾಘಾತ' ಎಂದು ಮೂರು ಸಲ ಹೊಡೆದಳು, ಕಂಪ್ಯೂಟರು ಮೂರು ಸಲವೂ ತಿರಸ್ಕರಿಸಿತು. ಬಿಲ್ಲೆಯ ದಾಖಲೆ ಹಸಿರು ಎಂದಿದ್ದರೆ ಆ ಕಾರಣವನ್ನು ಅದು ತೆಗೆದುಕೊಳ್ಳುವುದಿಲ್ಲ. "ನನ್ನ ಕೈಯಾಗ ಇಲ್ರೀ ಅಕ್ಕಾರ," ಎಂದು ಹುಡುಗಿ ಅತ್ತಳು. ಕೊನೆಗೆ ಕಂಪ್ಯೂಟರೇ 'ಮೂತ್ರಪಿಂಡದ ವೈಫಲ್ಯ, ಸಹಜ' ಎಂದು ಬರೆಯಿತು. ಗುಂಪಿನ ಹನ್ನೊಂದು ಹೆಂಗಸರು ಮಣ್ಣಿಗೆ ಬಂದು, ಮೂರನೆಯ ದಿನದ ಶಾಸ್ತ್ರಕ್ಕೂ ಬಂದು, ನಾಲ್ಕನೆಯ ದಿನ ಅಂಗಳಕ್ಕೆ ಹೋದರು. ದ್ಯಾಮವ್ವ ಒಬ್ಬೊಬ್ಬರ ಕೈಹಿಡಿದು, ಬಿಲ್ಲೆ ಸುಳ್ಳು, ನಾನು ಮಾಡಿದ್ದೇ ಸುಳ್ಳು ಎಂದು ಹೇಳಿದಳು. ಅವರು ಅವಳ ಕೆನ್ನೆ ಸವರಿ, ದುಃಖದಾಗ ಹಂಗ ಅನಸ್ತದವ್ವಾ ಅಂದರು.

ಅಕ್ಕ ಹೋದ ಹನ್ನೆರಡನೆಯ ದಿನ ಅವಳು ಕೇಂದ್ರಕ್ಕೆ ಹೋದಳು. ಮನೆಯಲ್ಲಿ ಇದ್ದು ಏನು ಮಾಡುವುದು, ಗೋಡೆಗಳನ್ನು ನೋಡಲಾಗುತ್ತಿರಲಿಲ್ಲ. ಅಂದು ಮುಂಜಾನೆ ಯಾವುದೋ ಹಟಕ್ಕೆ ಬಿದ್ದವಳಂತೆ ಎರಡು ತಂಬಿಗೆ ನೀರು ಕುಡಿದು ಹೊರಟಿದ್ದಳು. ಗುಡ್ಡ ಹತ್ತುವ ಹೊತ್ತಿಗೆ ಹೊಟ್ಟೆಯ ಕೆಳಗೆ ಬಿಗಿಯತೊಡಗಿತ್ತು. ಪ್ರಯೋಗಾಲಯದ ಮೆಟ್ಟಿಲ ಮೇಲೆ ಮೈಲಾರಪ್ಪ ಕಾಯುತ್ತ ನಿಂತಿದ್ದ. ಅವಳನ್ನು ಕಂಡು ಸಂಕೋಚದಿಂದ ಎರಡು ಹೆಜ್ಜೆ ಮುಂದೆ ಬಂದು, ಕೈಯಲ್ಲಿ ಹೊಸ ಕೀಲಿಕೈಯೊಂದನ್ನು ಇಟ್ಟ.

"ಏನಿದು?"

"ನಿಮಗರೀ ಮೇಡಂ. ಸಾಮಾನಿನ ಕೋಣಿ ಒಡದು ಹತ್ತ ದಿನದಾಗ ಕಟ್ಟಿಸ್ಯಾರ. ನೀರು, ಲೈಟು, ಕನ್ನಡಿ ಎಲ್ಲಾ ಐತ್ರೀ. ಹಿರೇಗೌಡರ ಸಾಹೇಬ್ರು ತಾವ ನಿಂತು ಮಾಡಿಸ್ಯಾರ. ಸಮಿತಿ ಒಕ್ಕೊರಲಿಂದ ಮಂಜೂರು ಮಾಡೇತಿ." ನಡಾವಳಿಯ ಪ್ರತಿಯನ್ನೂ ಕೊಟ್ಟ. ಅದರಲ್ಲಿ ಹೀಗಿತ್ತು: ವಿಶೇಷ ಆಹ್ವಾನಿತರಾದ ಡಾ. ತಳವಾರ ಅವರು ವೈಯಕ್ತಿಕ ಅನಾನುಕೂಲತೆಯನ್ನು ಸಭೆಯ ಗಮನಕ್ಕೆ ತಂದರು. ಅವರ ಉಪಯೋಗಕ್ಕಾಗಿ ಪ್ರಯೋಗಾಲಯದ ಕಟ್ಟಡದಲ್ಲಿ ಪ್ರತ್ಯೇಕ ಶೌಚಾಲಯ ನಿರ್ಮಿಸಲು ತೀರ್ಮಾನಿಸಲಾಯಿತು.

"ಆದೇಶ ಏನಾತು ಮೈಲಾರಪ್ಪ? ಬಿಲ್ಲೆದು?"

ಮೈಲಾರಪ್ಪ ನೆಲ ನೋಡಿದ. "ಅದು ಒಂದನೇ ತಾರೀಖಿಗೆ ಹೋತ್ರೀ. ಆರೂ ಜಿಲ್ಲಾಕ್ಕ."

ಕೆಳಗೆ ಊರ ಮೇಲೆ ಬಿಸಿಲು ಏರುತ್ತಿತ್ತು. ಆ ಹೊತ್ತಿಗೆ ಆರು ಜಿಲ್ಲೆಗಳ ಅಂಗಳಗಳಲ್ಲಿ, ಗಿರಣಿಗಳಲ್ಲಿ, ರಸ್ತೆ ಕೆಲಸದಲ್ಲಿ ಎಷ್ಟು ಸಾವಿರ ಹೆಂಗಸರು ಅರ್ಧ ಕಪ್ಪು ಚಹಾ ಕುಡಿದು ತೋಳಿಗೆ ಹಸಿರು ಬಿಲ್ಲೆ ಕಟ್ಟಿಕೊಂಡಿದ್ದರೋ. ದ್ಯಾಮವ್ವ ಕಾರಿಡಾರಿನಲ್ಲಿ ನಡೆದಳು. ಹೊಸ ಬಾಗಿಲಿನ ಮೇಲೆ ಅವಳ ಪೂರ್ತಿ ಹೆಸರು ಬರೆಸಿದ್ದರು, ಮೊದಲಿಗೆ ಡಾ. ಎಂದು ಸೇರಿಸಿ. ಕೀಲಿಕೈಯನ್ನು ಮುಖಕ್ಕೆ ಒಗೆದು ಬರಬೇಕು ಅನ್ನಿಸಿತು, ಯಾರ ಮುಖಕ್ಕೆ ಎಂದು ತಿಳಿಯಲಿಲ್ಲ. ಕಾಲು ನಿಲ್ಲುತ್ತಿರಲಿಲ್ಲ, ಇನ್ನು ತಡೆಯಲು ಸಾಧ್ಯವಿರಲಿಲ್ಲ. ಬೀಗ ತೆಗೆದು ಒಳಗೆ ಹೋಗಿ, ಚಿಲಕ ಹಾಕಿಕೊಂಡು ಕೂತಳು. ಹೊರಗೆ ಕೇಳದಿರಲೆಂದು ನಲ್ಲಿಯನ್ನು ಪೂರ್ತಿ ತಿರುಗಿಸಿ, ಅಕ್ಕ ಸತ್ತ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತಳು.